ಅಪ್ಪ-ಅವ್ವ ಊರಲ್ಲಿ, ನೀವು ಪುಣೆಯಲ್ಲಿ: ಫೋನ್ ಹಿಡಿದು ಅವರ ಆರೋಗ್ಯ ನೋಡಿಕೊಳ್ಳುವ ಬಗೆ

"ಅಣ್ಣಾ, ಅವ್ವ ಒಬ್ಬಾಕೀನ ಊರಾಗ ಅದಾಳ. ಬಿಪಿ, ಶುಗರ್ ಎರಡೂ ಐತಿ. ನಾ ಇಲ್ಲಿಂದ ಏನ್ ಮಾಡ್ಲಿ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಅವ್ವ ಮುಧೋಳದಲ್ಲೋ, ಸಿಂದಗಿಯಲ್ಲೋ, ರಾಯಬಾಗದ ಕಡೆ ತೋಟದ ಮನೆಯಲ್ಲೋ. ಒಂದೇ ಉತ್ತರವನ್ನು ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಯಾವ ಆ್ಯಪ್ ಒಳ್ಳೆಯದು ಅಂತ. ಆ್ಯಪ್ ಆಮೇಲಿನ ಮಾತು. ದವಾಖಾನೆಯಲ್ಲಿ ಎರಡು ತಾಸು ಪಾಳಿ ಹಚ್ಚಿದ ಮೇಲೆ ಡಾಕ್ಟರ್ ಮುಂದೆ ಸಿಗುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ಸರಿಯಾದ ಕಾಗದ, ಸರಿಯಾದ ಅಂಕಿ, ಸರಿಯಾದ ಗುಳಿಗೆ ಹೆಸರು ಅವರ ಕಣ್ಣಿಗೆ ಬೀಳಬೇಕು. ಫೋನಿನಿಂದ ಈ ಕೆಲಸ ಚೆನ್ನಾಗಿ ಆಗುತ್ತದೆ. ರೋಗ ಏನು ಅಂತ ಹೇಳುವುದು ಅದರ ಕೆಲಸವಲ್ಲ, ಅದು ಎಷ್ಟೇ ಜಾಣ ಚಾಟ್‌ಬಾಟ್ ಆದರೂ ಸರಿ.

ಬೇಕಾಗುವ ಸಾಮಾನು ಕಡಿಮೆ. ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ (ಅವ್ವನದೇ ಆಗಬೇಕಿಲ್ಲ, ಪಕ್ಕದ ಮನೆಯ ಹುಡುಗನದ್ದಾದರೂ ನಡೆಯುತ್ತದೆ), ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್, ತೋಳಿಗೆ ಕಟ್ಟುವ ಬಿಪಿ ಮಶೀನ್, ಶುಗರ್ ಇದ್ದರೆ ಗ್ಲುಕೋಮೀಟರ್. ಮತ್ತೆ ನೀವು ಊರಿಗೆ ಹೋದಾಗ ಎರಡು ದಿನದ ಬಿಡುವು. ಮೊದಲ ಮೂರು ಹಂತ ಎದುರಿಗೆ ಕೂತೇ ಮಾಡಬೇಕು, ಫೋನಿನಲ್ಲಿ ಹೇಳಿ ಮಾಡಿಸಲು ಹೋದರೆ ಜಗಳವೇ ಜಾಸ್ತಿ.

1. ಕ್ಯಾರಿಬ್ಯಾಗ್ ಬಿಚ್ಚಿ

ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ಚೀಲ ಇರುತ್ತದೆ. ನಮ್ಮ ಮನೆಯದು ಸೀರೆ ಅಂಗಡಿಯ ಚೀಲ, ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ಒಳಗೆ ಹನ್ನೊಂದು ವರ್ಷದ ಚೀಟಿಗಳು, ಎಕ್ಸ್‌ರೇ, ಔಷಧ ಅಂಗಡಿಯ ಬಿಲ್ಲು, ನಡುವೆ ಒಂದು ಲಗ್ನಪತ್ರಿಕೆ. ಮಿರಜಕ್ಕೆ ತೋರಿಸಲು ಹೋದಾಗಿನದು ಒಂದು ಗಂಟು, ಸೋಲಾಪುರದ್ದು ಇನ್ನೊಂದು. ಅದರಲ್ಲಿದ್ದ ಹಳೆಯ ಇಸಿಜಿ ಕಾಗದ ತೆಗೆದು ನೋಡಿದರೆ ಪೂರ್ತಿ ಬೆಳ್ಳಗಾಗಿತ್ತು, ಒಂದು ಗೆರೆಯೂ ಕಾಣಲಿಲ್ಲ.

ಇಸಿಜಿ ಅಂದರೆ ಹೃದಯದ ಬಡಿತವನ್ನು ಗೆರೆಯಾಗಿ ತೋರಿಸುವ ಪಟ್ಟಿ. ಅದನ್ನು ಹೆಚ್ಚಾಗಿ ಮುದ್ರಿಸುವುದು ಬಸ್ ಟಿಕೆಟ್‌ನಂಥ, ಶಾಖಕ್ಕೆ ಬಣ್ಣ ಬದಲಿಸುವ ಕಾಗದದ ಮೇಲೆ. ವರ್ಷ ಕಳೆದಂತೆ ಗೆರೆ ಮಾಸಿಹೋಗುತ್ತದೆ. ಹಾಳಾಗದಿರಲಿ ಅಂತ ಲ್ಯಾಮಿನೇಶನ್ ಮಾಡಿಸಿದರೆ ಇನ್ನೂ ಕೇಡು, ಮಶೀನಿನ ಶಾಖಕ್ಕೆ ಇಡೀ ಪಟ್ಟಿ ಕಪ್ಪಾಗುತ್ತದೆ. ಆದ್ದರಿಂದ ಇಸಿಜಿ ಕೈಗೆ ಬಂದ ದಿನವೇ ಫೋಟೋ ತೆಗೆಯಿರಿ. ಮುಂದೊಂದು ದಿನ ಎದೆನೋವು ಅಂತ ಹೋದಾಗ, ಇದು ಹೊಸದಾಗಿ ಬಂದದ್ದೋ ಮೊದಲಿಂದ ಇದ್ದದ್ದೋ ಅಂತ ನೋಡಲು ಡಾಕ್ಟರಿಗೆ ಹಳೆಯದು ಬೇಕೇ ಬೇಕು.

ಫೋಟೋ ತೆಗೆಯುವ ಕ್ರಮ ಹೀಗೆ. ಕಾಗದಗಳನ್ನು ಪಡಸಾಲೆಯಲ್ಲಿ ಬೆಳಕು ಬೀಳುವ ಕಡೆ ನೆಲದ ಮೇಲೆ ಹರವಿ, ನಿಮ್ಮ ನೆರಳು ಬೀಳದಂತೆ ನಿಂತು, ಫೋನನ್ನು ನೇರ ಮೇಲೆ ಹಿಡಿಯಿರಿ. ಗೂಗಲ್ ಡ್ರೈವ್‌ನಲ್ಲಿ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ, ಅಂಚು ಕತ್ತರಿಸಿ ಪಿಡಿಎಫ್ ಮಾಡಿಕೊಡುತ್ತದೆ. ಹೆಸರು ಕೊಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಏನು ಅಂತ: "2025-03-14 ಅವ್ವ ಇಸಿಜಿ". ಹೀಗೆ ಹೆಸರಿಟ್ಟರೆ ಫೈಲುಗಳು ತಾವಾಗಿಯೇ ತಾರೀಕಿನ ಸಾಲಿಗೆ ನಿಲ್ಲುತ್ತವೆ. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ ಅಣ್ಣ-ತಮ್ಮ-ಅಕ್ಕಂದಿರ ಜತೆ ಹಂಚಿಕೊಳ್ಳಿ.

ವಾಟ್ಸಾಪ್‌ನಲ್ಲಿ ಕಳಿಸಿ ಅಲ್ಲಿಗೇ ಬಿಡಬೇಡಿ. ಆರು ತಿಂಗಳಾದ ಮೇಲೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ರಿಪೋರ್ಟ್ ಹುಡುಕುವುದು ಯಾರಿಗೂ ಬೇಡ.

ಮೂಲ ಕಾಗದ ಎಸೆಯಬೇಡಿ, ಎಕ್ಸ್‌ರೇ ಫಿಲ್ಮ್ ಅಂತೂ ಇಟ್ಟೇ ಇರಿ.

2. ಗುಳಿಗೆಗಳ ಒಂದೇ ಪಟ್ಟಿ

ಇದು ಅರ್ಧ ತಾಸಿನ ಕೆಲಸ, ಆದರೆ ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ. ಅವ್ವ ದಿನಾ ನುಂಗುವ ಎಲ್ಲಾ ಗುಳಿಗೆಗಳನ್ನು ಶೀಟು, ಡಬ್ಬಿ ಸಮೇತ ತಟ್ಟೆಯಲ್ಲಿ ಸುರಿಯಿರಿ. ಬ್ರ್ಯಾಂಡ್ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧದ ಹೆಸರಿರುತ್ತದೆ: ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಹೀಗೆ. ಅದನ್ನೇ ಬರೆದುಕೊಳ್ಳಿ, ಎಷ್ಟು ಮಿಲಿಗ್ರಾಂ ಅಂತಲೂ ಬರೆಯಿರಿ. ಊರಿನ ಡಾಕ್ಟರ್ ಒಂದು ಕಂಪನಿಯದು ಬರೆದಿರುತ್ತಾರೆ, ಬೆಳಗಾವಿಯ ಡಾಕ್ಟರ್ ಇನ್ನೊಂದು ಕಂಪನಿಯದು. ಹೆಸರು ಬೇರೆ, ಡಬ್ಬಿ ಬೇರೆ, ಒಳಗಿನ ಔಷಧ ಒಂದೇ. ಅವ್ವ ಎರಡನ್ನೂ ನುಂಗುತ್ತಿರುತ್ತಾಳೆ. ಪಟ್ಟಿ ಮಾಡಿದಾಗ ಇಂಥದು ಎಷ್ಟೋ ಮನೆಗಳಲ್ಲಿ ಸಿಕ್ಕಿಬಿದ್ದಿದೆ.

ಅಂಗಡಿಯವರು ಐದೇ ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರು, ಎಕ್ಸ್‌ಪೈರಿ ಇರುವ ತುದಿ ಅವರ ಬಳಿಯೇ ಉಳಿಯುತ್ತದೆ. ಕತ್ತರಿಸುವ ಮೊದಲೇ ಪೂರ್ತಿ ಶೀಟಿನ ಫೋಟೋ ತೆಗೆದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ನೆನಪು ಮಾಡಲು ಪ್ರತ್ಯೇಕ ಆ್ಯಪ್ ಬೇಡ. ಫೋನಿನ ಗಡಿಯಾರದಲ್ಲೇ ಅಲಾರಂ ಇಡಿ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ "ಚಹಾಕ್ಕಿಂತ ಮೊದಲು ಥೈರಾಯ್ಡ್ ಗುಳಿಗೆ" ಅಂತ ಬರೆಯಿರಿ. (ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ ನೀರಿನ ಜತೆ ಮಾತ್ರ, ಚಹಾ ಆಮೇಲೆ ಅರ್ಧದಿಂದ ಒಂದು ತಾಸು ಬಿಟ್ಟು. ಇದನ್ನು ಹೇಳಿದರೆ ಮನೆಯಲ್ಲಿ ಕೋಪ ಬರುತ್ತದೆ, ಆದರೂ ಹೇಳಿ.)

ಕುಟುಂಬದ ಗ್ರೂಪಿನಲ್ಲಿ ಯಾರೂ ಡೋಸ್ ಬದಲಿಸಬಾರದು. ಮುಂಬೈಯ ಅಣ್ಣನೂ ಬದಲಿಸಬಾರದು. ಎರಡು ಸಲ ಒಂದೇ ಔಷಧ ಇದೆ ಅನ್ನಿಸಿದರೆ ಪಟ್ಟಿ ಹಿಡಿದು ಡಾಕ್ಟರನ್ನೇ ಕೇಳಿ.

3. ಆಭಾ ನಂಬರ್ ಮಾಡಿಸಿ, ಆದರೆ ಅದೇನು ಅಂತ ತಿಳಿದು ಮಾಡಿಸಿ

ಆಭಾ ಅಂದರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್, 14 ಅಂಕಿಯ ನಂಬರ್. ಬ್ಯಾಂಕಿಗೆ ಖಾತೆ ನಂಬರ್ ಇದ್ದ ಹಾಗೆ ನಿಮ್ಮ ಆರೋಗ್ಯದ ಕಾಗದಗಳಿಗೆ ಇದು. ದೇಶದ ತುಂಬೆಲ್ಲ ಒಂದೇ, ಹಾಗಾಗಿ ಗಡಿ ದಾಟಿ ಮಹಾರಾಷ್ಟ್ರದ ದವಾಖಾನೆಗೆ ಹೋಗುವ ನಮ್ಮಂಥವರಿಗೆ ಉಪಯೋಗ. ಹಣ ಕೊಡುವಂತಿಲ್ಲ, ಕಡ್ಡಾಯವೂ ಅಲ್ಲ.

ಎಲ್ಲರೂ ತಪ್ಪುವುದು ಇಲ್ಲೇ. ಆಭಾ ಕಾರ್ಡ್ ವಿಮೆ ಅಲ್ಲ. ಅದನ್ನು ತೋರಿಸಿದರೆ ಬಿಲ್ ಕಡಿಮೆ ಆಗುವುದಿಲ್ಲ. ಖರ್ಚು ಭರಿಸುವುದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅದಕ್ಕೂ ತುರ್ತು ಅಲ್ಲದ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅಂದರೆ "ಇಲ್ಲಿ ಆಗುವುದಿಲ್ಲ, ಅಲ್ಲಿಗೆ ಕಳಿಸಿದ್ದೇವೆ" ಅನ್ನುವ ಚೀಟಿ. ಎರಡರ ಹೆಸರಲ್ಲೂ ಆಯುಷ್ಮಾನ್ ಇರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ, ಅದು ಅವರ ತಪ್ಪಲ್ಲ.

ಮಾಡುವುದು ಸುಲಭ. ಆಭಾ ಆ್ಯಪ್ ಹಾಕಿಕೊಂಡು, ಆಧಾರ್ ನಂಬರ್ ಕೊಟ್ಟು, ಮೊಬೈಲಿಗೆ ಬರುವ ಓಟಿಪಿ ಹಾಕಿದರೆ ಆಯಿತು. ಸಿಕ್ಕಿಹಾಕಿಕೊಳ್ಳುವುದು ಓಟಿಪಿಯಲ್ಲಿ. ಅಪ್ಪನ ಆಧಾರ್‌ಗೆ ಹತ್ತು ವರ್ಷದ ಹಿಂದಿನ, ರೀಚಾರ್ಜ್ ಇಲ್ಲದೆ ಬಂದ್ ಆದ ನಂಬರ್ ಇರುತ್ತದೆ. ಅದನ್ನು ಬದಲಿಸಲು ಅಪ್ಪನೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಒತ್ತಬೇಕಾಗಬಹುದು. ಹೊಲದಲ್ಲಿ ದುಡಿದ ಕೈಯ ಬೆರಳಚ್ಚು ಒಂದೇ ಸಲಕ್ಕೆ ಹಿಡಿಯದೇ ಇರಬಹುದು, ಅದಕ್ಕೂ ಸಮಯ ಇಟ್ಟುಕೊಂಡೇ ಹೋಗಿ.

ಇನ್ನೊಂದು. ನಂಬರ್ ಮಾಡಿಸಿದ ಕೂಡಲೇ ಹಳೆಯ ರಿಪೋರ್ಟ್‌ಗಳೆಲ್ಲ ಬಂದು ಕೂರುವುದಿಲ್ಲ. ದವಾಖಾನೆಯವರು ಆ ನಂಬರಿಗೆ ಜೋಡಿಸಿದ್ದು ಮಾತ್ರ ಕಾಣುತ್ತದೆ. ಬೇರೆ ಡಾಕ್ಟರ್ ನೋಡಬೇಕಾದರೆ ನಿಮ್ಮ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಬರುತ್ತದೆ. ಯಾವ ಕಾಗದ, ಎಷ್ಟು ದಿನ ಅಂತ ನೀವೇ ಆರಿಸಬಹುದು, ಕೊಟ್ಟ ಒಪ್ಪಿಗೆ ವಾಪಸ್ಸೂ ಪಡೆಯಬಹುದು. ಸುಮ್ನೆ ಎಲ್ಲಕ್ಕೂ ಸರಿ ಒತ್ತಬೇಡಿ. ಇವತ್ತಿನ ಮಟ್ಟಿಗೆ ಒಳ್ಳೆಯ ಲಾಭ ಅಂದರೆ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಹೊರರೋಗಿ ವಿಭಾಗದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು-ವಿಳಾಸ ತಾನೇ ಹೋಗಿ ಟೋಕನ್ ಸಿಗುತ್ತದೆ, ನೋಂದಣಿ ಪಾಳಿ ತಪ್ಪುತ್ತದೆ.

"ನಿಮ್ಮ ಆಯುಷ್ಮಾನ್ ಕಾರ್ಡ್ ಬಂದ್ ಆಗುತ್ತೆ, ಈ ಫೈಲ್ ಹಾಕ್ಕೊಳ್ಳಿ" ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ಹಿತ್ತಲ ಬಾಗಿಲಿಂದ ಒಳಗೆ ಬರುವ ಆ್ಯಪ್, ಖಾತೆ ಖಾಲಿ ಮಾಡುವುದು ಇದೇ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

4. ಬಿಪಿ, ಶುಗರ್ ಮನೆಯಲ್ಲೇ, ಆದರೆ ಸರಿಯಾಗಿ

ಮಶೀನ್ ಕೊಳ್ಳುವಾಗ ಮೇಲ್ದೋಳಿಗೆ ಕಟ್ಟುವುದನ್ನೇ ಕೊಳ್ಳಿ, ಮಣಿಕಟ್ಟಿನದ್ದು ಬೇಡ. ತೋಳಿಗೆ ಸುತ್ತುವ ಪಟ್ಟಿಯ ಅಳತೆ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ.

ನೋಡುವ ಅರ್ಧ ತಾಸು ಮೊದಲು ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದು, ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಬರಿ ತೋಳಿನ ಮೇಲೆ, ಕೈ ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ. ಮಾತಾಡಬಾರದು. ನಮ್ಮ ಮಂದಿಗೆ ಕಷ್ಟ ಆಗುವುದು ಈ ಕೊನೆಯದೇ, ಪಟ್ಟಿ ಉಬ್ಬುತ್ತಿರುವಾಗಲೇ "ಎಷ್ಟ್ ಬಂತು?" ಅಂತ ಕೇಳಿ ಅಂಕಿ ಏರಿಸಿಕೊಳ್ಳುತ್ತಾರೆ. ಮೊದಲ ದಿನ ಎರಡೂ ತೋಳಿಗೆ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ.

ಡಾಕ್ಟರಿಗೆ ಹೋಗುವ ಮುಂಚಿನ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ನಿಮಿಷದ ಅಂತರದಲ್ಲಿ ನೋಡಿ. ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಒಂದು ದಿನ 150 ಬಂತು ಅಂತ ಗಾಬರಿಯಾಗಿ ಗುಳಿಗೆ ಎರಡು ನುಂಗಿಸಬೇಡಿ. 180/120 ದಾಟಿ, ಜತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಅದು ತುರ್ತು, ಆಗ 7ನೇ ಹಂತಕ್ಕೆ ಹೋಗಿ.

ಅಂಕಿಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. "ನೂರಾ ಮೂವತ್ತರ ಆಸುಪಾಸು" ಅನ್ನುವ ಉತ್ತರ ಬರುತ್ತದೆ. ಮಶೀನ್ ಪರದೆಯ ಫೋಟೋ ಕಳಿಸಲು ಹೇಳಿ, ನೀವು ಒಂದು ಶೀಟಿನಲ್ಲಿ ತಾರೀಕಿನ ಪ್ರಕಾರ ತುಂಬಿ, ಹೋಗುವ ದಿನ ಒಂದೇ ಪುಟ ಕಳಿಸಿ.

ಗ್ಲುಕೋಮೀಟರ್‌ಗೆ ಬಂದರೆ, ಕೈ ತೊಳೆದು ಒರೆಸಿಯೇ ಚುಚ್ಚಬೇಕು. ನಮ್ಮದು ಕಬ್ಬಿನ ಸೀಮೆ. ಬೆಲ್ಲ ಮುಟ್ಟಿದ ಬೆರಳನ್ನೇ ಚುಚ್ಚಿ ನಮ್ಮ ಚಿಕ್ಕಮ್ಮನಿಗೆ ಒಮ್ಮೆ 300ರ ಮೇಲೆ ತೋರಿಸಿತ್ತು, ಸೋಪು ಹಾಕಿ ತೊಳೆದು ಬೇರೆ ಬೆರಳು ಚುಚ್ಚಿದರೆ ಅರ್ಧಕ್ಕೆ ಇಳಿಯಿತು. ರಕ್ತದ ಹನಿ ಹಾಕುವ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ಕೂಡಲೇ ಹಾಕಿ, ಎಕ್ಸ್‌ಪೈರಿ ನೋಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೈಕಿನ ಡಿಕ್ಕಿಯಲ್ಲೋ ತಗಡಿನ ಮಾಡಿನ ಕೆಳಗೋ ಇಟ್ಟ ಸ್ಟ್ರಿಪ್ ಕೆಡುತ್ತವೆ. ಮನೆಯ ತಂಪಾದ ಮೂಲೆ ಸಾಕು, ಫ್ರಿಜ್ ಬೇಡ.

70ಕ್ಕಿಂತ ಕಡಿಮೆ ಬಂದು ಬೆವರು, ನಡುಕ ಇದ್ದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

5. ವಿಡಿಯೋದಲ್ಲಿ ಡಾಕ್ಟರ್

ಫೋನಿನಲ್ಲೇ ಡಾಕ್ಟರಿಗೆ ತೋರಿಸುವ ಸರ್ಕಾರದ ಸೇವೆ ಇ-ಸಂಜೀವನಿ, ಅದು ಉಚಿತ. ಮೊಬೈಲ್ ನಂಬರ್, ಓಟಿಪಿ, ರೋಗಿಯ ವಿವರ, ಟೋಕನ್, ಆಮೇಲೆ ವಿಡಿಯೋ ಕರೆ, ಕೊನೆಗೆ ಔಷಧ ಚೀಟಿ ಫೋನಿಗೇ ಬರುತ್ತದೆ. ಊರಲ್ಲಿ ಸ್ಮಾರ್ಟ್‌ಫೋನೇ ಇಲ್ಲವಾದರೆ ಉಪಕೇಂದ್ರಕ್ಕೆ ಕಳಿಸಿ (ಬೋರ್ಡಿನ ಮೇಲೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇರುತ್ತದೆ). ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ತಮ್ಮ ಕಡೆಯಿಂದಲೇ ಡಾಕ್ಟರಿಗೆ ಜೋಡಿಸಿಕೊಡುತ್ತಾರೆ. ಯಾವಾಗ ಇರುತ್ತಾರೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ವಿಡಿಯೋ ಸಾಕಾಗುವುದು ರಿಪೋರ್ಟ್ ತೋರಿಸಲು, ನಡೆಯುತ್ತಿರುವ ಔಷಧದ ಬಗ್ಗೆ ಕೇಳಲು, ಚರ್ಮದ ತುರಿಕೆ, ಸಣ್ಣ ಜ್ವರ, ಕೆಮ್ಮಿಗೆ. ಹೊಟ್ಟೆ ಒತ್ತಿ ನೋಡಬೇಕಾದ್ದು, ಎದೆಗೆ ಸ್ಟೆತಾಸ್ಕೋಪ್ ಇಡಬೇಕಾದ್ದು ಇದ್ದರೆ ನೇರ ಹೋಗಿ. ಚೀಟಿಯಲ್ಲಿ ಡಾಕ್ಟರ್ ಹೆಸರು, ನೋಂದಣಿ ಸಂಖ್ಯೆ ಇದೆಯೇ ನೋಡಿ. ಚಟ ಹತ್ತಿಸುವ ಕೆಲವು ಔಷಧಗಳನ್ನು ವಿಡಿಯೋ ಮೇಲೆ ಬರೆಯುವಂತಿಲ್ಲ ಅಂತ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ, ಅದಕ್ಕೆ ನಿದ್ದೆ ಗುಳಿಗೆ ಬರೆದುಕೊಡಲಿಲ್ಲ ಅಂತ ಡಾಕ್ಟರ ಮೇಲೆ ಸಿಟ್ಟಾಗಬೇಡಿ.

6. ಮನಸ್ಸಿನ ವಿಷಯ

ನಮ್ಮ ಹಿರಿಯರು "ನನಗೆ ಖಿನ್ನತೆ" ಅನ್ನುವುದಿಲ್ಲ. ಅವರು ಹೇಳುವುದು ಹೀಗೆ: "ನಿದ್ದಿ ಹತ್ತವಲ್ದು." "ಊಟ ಸೇರವಲ್ದು." "ಎದಿ ಡವಡವ ಅಂತೈತಿ." "ಯಾಕೋ ಬ್ಯಾಸರಾಗೈತಿ." ನೀವು ಎದೆ ಡಾಕ್ಟರಿಗೆ ತೋರಿಸುತ್ತೀರಿ, ಎಲ್ಲ ರಿಪೋರ್ಟ್ ಸರಿ ಬರುತ್ತದೆ, "ಏನೂ ಇಲ್ಲ ಬಿಡವ್ವ" ಅಂತ ಹೇಳಿ ಫೋನ್ ಇಡುತ್ತೀರಿ. ಆಕೆಗೆ ಕೇಳಿಸುವುದು "ನೀನು ಸುಳ್ಳು ಹೇಳುತ್ತಿದ್ದೀ" ಅಂತ.

ಡಾಕ್ಟರುಗಳು ಬಳಸುವ ಎರಡೇ ಪ್ರಶ್ನೆಗಳ ಒಂದು ಅಳತೆ ಇದೆ, ಫೋನಿನಲ್ಲೇ ಕೇಳಬಹುದು. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತಾ? ಮನಸ್ಸು ಕುಗ್ಗಿದೆ, ದಾರಿಯೇ ಕಾಣುತ್ತಿಲ್ಲ ಅನ್ನಿಸಿತ್ತಾ? ಒಂದೊಂದಕ್ಕೂ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನಾ 3. ಕೂಡಿದರೆ 3 ಅಥವಾ ಜಾಸ್ತಿ ಬಂದರೆ ತೋರಿಸಬೇಕು ಅಂತ ಅರ್ಥ, ರೋಗ ಇದೆ ಅಂತಲ್ಲ. ಪರೀಕ್ಷೆ ಮಾಡುವವರಂತೆ ಕೇಳಬೇಡಿ. ರೊಟ್ಟಿ ಬಡಿಯುವ ಹೊತ್ತಿಗೆ ಸುಮ್ನೆ ಮಾತಾಡುತ್ತಾ, "ಈಗೀಗ ಗುಡಿಗೆ ಹೋಗ್ತಿ ಇಲ್ಲೋ? ಓಣಿಯಾಗ ಕೂಡ್ತಿ ಇಲ್ಲೋ?" ಅಂತ ಶುರು ಮಾಡಿ.

ಡಾಕ್ಟರಿಗೆ ತೋರಿಸುವಾಗ ಥೈರಾಯ್ಡ್, ವಿಟಮಿನ್ ಬಿ12 ರಕ್ತ ಪರೀಕ್ಷೆ ಬೇಕೇ ಅಂತಲೂ ಕೇಳಿ. ವರ್ಷಗಟ್ಟಲೆ ಶುಗರಿನ ಗುಳಿಗೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಸುಸ್ತು, ಮರೆವು, ಬೇಸರ ಅದರಿಂದಲೂ ಬರುತ್ತವೆ.

ಕರೆ ಮಾಡಬೇಕಾದ ನಂಬರ್ 14416. ಇದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸೇವೆ. ಹಗಲು-ರಾತ್ರಿ ಇರುತ್ತದೆ, ದುಡ್ಡಿಲ್ಲ, ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ. ಭಾಷೆ ಕೇಳಿದಾಗ ಕನ್ನಡ ಆರಿಸಿ. ಮೊದಲು ಆಪ್ತಸಮಾಲೋಚಕರು, ಅಂದರೆ ಕೂತು ಕೇಳಿ ಮಾತಾಡಲು ತರಬೇತಿ ಪಡೆದವರು ಸಿಗುತ್ತಾರೆ. ಬೇಕಾದರೆ ಅವರೇ ಮನೋವೈದ್ಯರಿಗೆ ಜೋಡಿಸುತ್ತಾರೆ. ಅವ್ವ ಒಪ್ಪದಿದ್ದರೆ ಮೊದಲು ನೀವೇ ಮಾಡಿ, ಆಕೆಯ ಜತೆ ಹೇಗೆ ಮಾತಾಡಲಿ ಅಂತ ಕೇಳಿ. ದೂರ ಕೂತು ಒದ್ದಾಡುವ ನಿಮಗೂ ಆ ನಂಬರ್ ಬೇಕಾಗಬಹುದು, ಅಲ್ವಾ?

ಸೊಸೆ, ಮೊಮ್ಮಕ್ಕಳು, ಟಿವಿ ಎಲ್ಲ ಇರುವ ಪಡಸಾಲೆಯಲ್ಲಿ ಸ್ಪೀಕರ್ ಹಾಕಿ ಮಾತಾಡಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಮಾಳಿಗೆಯೋ ಹಿತ್ತಲೋ, ಒಂಟಿ ಜಾಗ ನೋಡಿ.

ನೇರ ತೋರಿಸಲು ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮನೋರೋಗ ಆಸ್ಪತ್ರೆ) ಇದೆ, ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮವೂ ಇದೆ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಕೇಳಿಕೊಂಡು ಹೋಗಿ.

"ಇನ್ನ ಸಾಕಾತು, ಇದ್ದರೇನು ಹೋದರೇನು" ಅನ್ನುವ ಮಾತನ್ನು ವಯಸ್ಸಿನ ಮಾತು ಅಂತ ತಳ್ಳಿಹಾಕಬೇಡಿ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಕೂಡಲೇ ನೆರೆಯವರನ್ನೋ ಸಂಬಂಧಿಕರನ್ನೋ ಕಳಿಸಿ, ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಗಳನ್ನು ಮನೆಯಿಂದ ಆಚೆ ಸಾಗಿಸಿ ಬೀಗ ಹಾಕಿಸಿ, 14416ಕ್ಕೆ ಕರೆ ಮಾಡಿ.

7. ಓಡುವ ಹೊತ್ತು

ಎದೆ ಹಿಂಡಿದಂತೆ ನೋವು, ಮುಖ ಒಂದು ಕಡೆ ಜಗ್ಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಉಸಿರು ಸಿಗದಿರುವುದು. ಇವುಗಳಲ್ಲಿ ಒಂದು ಇದ್ದರೂ ಗೂಗಲ್ ಬೇಡ, ವಿಡಿಯೋ ಡಾಕ್ಟರ್ ಬೇಡ, 108.

ಎದೆನೋವಿಗೆ ಎಲ್ಲರೂ ನೇರ ಬೆಳಗಾವಿಗೋ ಸೋಲಾಪುರಕ್ಕೋ ಗಾಡಿ ಹೊಡೆಯುತ್ತಾರೆ. ಎರಡು ತಾಸು ರಸ್ತೆಯಲ್ಲೇ ಹೋಗುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಆನ್‌ಲೈನ್‌ನಲ್ಲೇ ಹೃದಯ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆ ಇದರಲ್ಲಿ ಇದೆಯೋ ಇಲ್ಲವೋ ಇವತ್ತೇ ಕೇಳಿಟ್ಟುಕೊಳ್ಳಿ, ನೋವು ಬಂದ ರಾತ್ರಿ ಕೇಳಲು ಆಗುವುದಿಲ್ಲ.

ಅವ್ವನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಮಾಹಿತಿ ಅಂತ ಜಾಗ ಇರುತ್ತದೆ. ರಕ್ತದ ಗುಂಪು, ಯಾವ ಔಷಧ ಒಗ್ಗುವುದಿಲ್ಲ, ಯಾರಿಗೆ ಕರೆ ಮಾಡಬೇಕು ಅಂತ ತುಂಬಿಡಿ, ಲಾಕ್ ಆಗಿದ್ದರೂ ಬೇರೆಯವರಿಗೆ ಕಾಣುತ್ತದೆ. ಕೀಪ್ಯಾಡ್ ಫೋನಾದರೆ ಅದೇ ವಿಷಯ ಚೀಟಿಯಲ್ಲಿ ಬರೆದು ಫೋನ್ ಕವರಿನೊಳಗೆ ಹಾಕಿ.

ತೋಟದ ಮನೆಯವರಿಗೆ ಒಂದು ಹೆಚ್ಚಿನ ಕೆಲಸ. ಅಥಣಿ, ಜಮಖಂಡಿ ಕಡೆ ಕಬ್ಬು ಆಳೆತ್ತರ ಬೆಳೆದಾಗ ದಾರಿಯಿಂದ ಮನೆಯೇ ಕಾಣುವುದಿಲ್ಲ. ಮುಂದಿನ ಸಲ ಹೋದಾಗ ಅಂಗಳದಲ್ಲಿ ನಿಂತು ಗೂಗಲ್ ಮ್ಯಾಪ್‌ನಲ್ಲಿ ಆ ಜಾಗ ಗುರುತು ಮಾಡಿ ಉಳಿಸಿಕೊಳ್ಳಿ. 108ರ ಡ್ರೈವರ್ ದಾರಿ ಕೇಳಿ ಫೋನ್ ಮಾಡಿದಾಗ ಪುಣೆಯಿಂದಲೇ ಆ ಲಿಂಕ್ ಕಳಿಸಬಹುದು. ಮತ್ತೆ ಪಕ್ಕದ ಹೊಲದವರಿಗೆ ಫೋನ್ ಮಾಡಿ, ಡಾಂಬರು ರಸ್ತೆಯ ತಿರುವಿನಲ್ಲಿ ಬ್ಯಾಟರಿ ಹಿಡಿದು ಒಬ್ಬರು ನಿಲ್ಲಲಿ, ಇನ್ನೊಬ್ಬರು ನಾಯಿ ಕಟ್ಟಿಹಾಕಲಿ.